ಕೊಬ್ಬರಿ ಮೂಟೆಗೆ ವಿಮೆಯುಂಟು, ಮೇಲೆ ಕುಳಿತವನಿಗೆ?

2025ರ ಜನವರಿ 22ರ ಬೆಳಗಿನ ಜಾವ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಲಾರಿಯೊಂದು ಕಂದಕಕ್ಕೆ ಉರುಳಿ 10 ಮಂದಿ ಪ್ರಾಣ ಕಳೆದುಕೊಂಡರು. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಒಯ್ಯುತ್ತಿದ್ದ ಸಣ್ಣ ವ್ಯಾಪಾರಿಗಳು ಅವರು. ಸರಕು ಅವರದೇ, ಸರಕಿನ ಮೇಲೆ ಕುಳಿತವರೂ ಅವರೇ. ಅಂದೇ ಸಂತಾಪ ಸೂಚಕ ಹೇಳಿಕೆಗಳು ಹೊರಬಿದ್ದವು, ಮೃತರ ಕುಟುಂಬಗಳಿಗೆ ಸರ್ಕಾರಗಳು ಪರಿಹಾರ ಘೋಷಿಸಿದವು. ಸರಕು ವಾಹನಗಳಲ್ಲಿ ಜನರನ್ನು ಸಾಗಿಸುವುದರ ವಿರುದ್ಧ ಕಟ್ಟುನಿಟ್ಟಿನ ಕ್ರಮದ ಮಾತೂ ವಾಡಿಕೆಯಂತೆ ಕೇಳಿಬಂತು. ಇಂಥ ದುರಂತಗಳ ನಂತರ ಒಂದೆರಡು ವಾರ ತಪಾಸಣೆ ಬಿಗಿಯಾಗುತ್ತದೆ. ಮೂರನೆಯ ವಾರ ಅದೇ ಜನ ಅದೇ ಲಾರಿಗೆ ಕೈ ಅಡ್ಡ ಹಿಡಿಯುತ್ತಾರೆ.

ಏಕೆ ಹಿಡಿಯುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮ ಆಡಳಿತ ಎಂದೂ ಗಂಭೀರವಾಗಿ ಕೇಳಿಕೊಂಡಿಲ್ಲ. ಹಿಡಿದವನು ಸತ್ತರೆ ಅವನ ಮನೆಯವರ ಗತಿಯೇನು ಎಂಬ ಇನ್ನೊಂದು ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಬಹುತೇಕ ಓದುಗರಿಗೆ ತಿಳಿದಿರಲಾರದು. ತಿಳಿದರೆ ಆಶ್ಚರ್ಯವಾದೀತು. ಈ ಎರಡೂ ಪ್ರಶ್ನೆಗಳನ್ನು ನಾನು ಬಲ್ಲ ಸೀಮೆಯೊಂದರಿಂದ, ಅಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ನಾಡಿನಿಂದ ನೋಡುವುದು ಈ ಲೇಖನದ ಉದ್ದೇಶ.

ಈ ಮೂರು ತಾಲ್ಲೂಕುಗಳ ಆರ್ಥಿಕತೆ ನಿಂತಿರುವುದು ತೆಂಗಿನ ಮೇಲೆ ಎನ್ನುತ್ತೇವೆ. ಲಾರಿಯ ಮೇಲೆ ಎಂದರೂ ತಪ್ಪಾಗದು. ಇಲ್ಲಿನ ರೈತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಗುಂಡಾಗಿ ಬಿಡಿಸಿಕೊಂಡ ಮೇಲೆ ಒಡೆಯುತ್ತಾನೆ. ಹಾಗೆ ಸಿದ್ಧವಾದ ಉಂಡೆ ಕೊಬ್ಬರಿಯನ್ನು ತಿನ್ನುವವರು ನಾವಲ್ಲ. ಅದು ತಿಪಟೂರಿನ ಮಾರುಕಟ್ಟೆ ಪ್ರಾಂಗಣದಿಂದ ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶಗಳಿಗೆ ಹೋಗಿ ಅಲ್ಲಿನ ಮದುವೆ, ಹಬ್ಬಗಳಲ್ಲಿ ಒಣಹಣ್ಣಿನ ಸಾಲಿಗೆ ಸೇರುತ್ತದೆ. ಎರಡು ಸಾವಿರ ಕಿ.ಮೀ. ಮೀರಿದ ಆ ಹಾದಿಯನ್ನು ಕ್ರಮಿಸುವುದು ಲಾರಿ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯಿಂದ ಹೊರಟ ಲಾರಿಗಳು ಒಂದು ಕಾಲಕ್ಕೆ ಆ ಭಾಗದ ರಸ್ತೆಗಳ ಗುರುತೇ ಆಗಿದ್ದವು. ಚಿಕ್ಕನಾಯಕನಹಳ್ಳಿಯ ಕಡೆ ಅದಿರಿನ ಲಾರಿಗಳು ಹಗಲು ರಾತ್ರಿ ಓಡಿದವು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆಯನ್ನು ತಡೆಹಿಡಿದಾಗ ಆ ಸಾಲು ಒಮ್ಮೆಲೇ ನಿಂತಿತು. ದೂಳು ಅಡಗಿತೆಂದು ಹಳ್ಳಿಯವರು ನಿಟ್ಟುಸಿರು ಬಿಟ್ಟರು. ರಾತ್ರಿ ಹತ್ತರ ನಂತರ ಹುಳಿಯಾರಿಗೆ ಹೋಗಲು ಇನ್ನೇನು ಗತಿ ಎಂದು ಪೇಚಾಡಿದವರೂ ಅವರಲ್ಲಿದ್ದರು.

ರಾಷ್ಟ್ರೀಯ ಹೆದ್ದಾರಿಯ ಮೇಲಿನ ಕಿಬ್ಬನಹಳ್ಳಿ ಕ್ರಾಸ್, ಅಂದರೆ ಎಲ್ಲರ ಬಾಯಲ್ಲಿ ಕೆ.ಬಿ. ಕ್ರಾಸ್, ಈ ಮೂರೂ ಊರುಗಳ ದಾರಿ ಕೂಡುವ ಜಾಗ. ಅಲ್ಲಿ ಅರ್ಧ ಗಂಟೆ ನಿಂತವರಿಗೆ ಲಾರಿ ಸವಾರಿಯ ಅಲಿಖಿತ ಶಾಸ್ತ್ರ ಅರ್ಥವಾಗುತ್ತದೆ. ಟಾರ್ಪಾಲು ಬಿಗಿದ ಕೊಬ್ಬರಿ ಲಾರಿಗೆ ಕೈ ತೋರುವುದು ದಂಡ. ಅದು ದೂರ ಹೋಗುವ ಗಾಡಿ, ಮಾಲು ಬೆಲೆಯುಳ್ಳದ್ದು, ಚಾಲಕ ನಿಲ್ಲಿಸುವುದಿಲ್ಲ. ಬೆಂಗಳೂರಿಗೆ ಎಳನೀರು ಇಳಿಸಿ ಖಾಲಿ ಬರುವ ಗಾಡಿ ನಿಂತೇ ನಿಲ್ಲುತ್ತದೆ. ವಯಸ್ಸಾದವರು, ಕೈಗೂಸಿನ ತಾಯಿ ಕ್ಯಾಬಿನ್ನಿಗೆ, ಹುಡುಗರು ಹಿಂದಕ್ಕೆ. ಬಸ್ ದರದ ಅರ್ಧವೋ ಮುಕ್ಕಾಲೋ ಕೈಗಿಟ್ಟರೆ ಆಯಿತು. ರಸೀದಿ ಇಲ್ಲ, ಚೌಕಾಸಿಯೂ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ತಿಪಟೂರಿನ ಕಾಲೇಜಿಗೆ ಹೋಗುತ್ತಿದ್ದ ನಮಗೆ ಬಸ್ಸಿನಷ್ಟೇ ಲಾರಿಯೂ ನಿತ್ಯದ ವಾಹನವಾಗಿತ್ತು. ಪರೀಕ್ಷೆಯ ದಿನ ಬಸ್ಸನ್ನು ನಂಬುವ ಧೈರ್ಯ ಯಾರಿಗೂ ಇರಲಿಲ್ಲ.

ಅಂದಿನಿಂದ ಇಂದಿಗೆ ಬಹಳಷ್ಟು ಬದಲಾಗಿದೆ. ದ್ವಿಚಕ್ರ ವಾಹನ ಮನೆಮನೆಗೆ ಬಂದಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಮಹಿಳೆಯರನ್ನು ಬಸ್ಸಿನತ್ತ ಸೆಳೆದಿದೆ. ಇದು ಆ ಯೋಜನೆಯ ಟೀಕಾಕಾರರು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಲಾಭ. ಆದರೆ ಉಚಿತ ಟಿಕೆಟ್ಟಿಗೆ ಬೆಲೆ ಬರಬೇಕಾದರೆ ಬಸ್ಸು ಇರಬೇಕು. ಹಾಗೆಯೇ ಬಸ್ಸಿಗೆ ಒಂದು ಮಿತಿಯಿದೆ. ಅದು ಮನುಷ್ಯನನ್ನು ಒಯ್ಯುತ್ತದೆ, ಅವನ ಹತ್ತು ಮೂಟೆಗಳನ್ನಲ್ಲ.

ಲಾರಿ ಸವಾರಿ ಎಂದೊಡನೆ ನಗರವಾಸಿಗಳ ಮನಸ್ಸಿಗೆ ಬರುವ ಚಿತ್ರ ಬಿಟ್ಟಿ ಪ್ರಯಾಣಿಕನದು, ಇಲ್ಲವೇ ನಾಲ್ಕು ಕಾಸು ಉಳಿಸಲು ಪ್ರಾಣ ಪಣಕ್ಕಿಟ್ಟ ಅವಿವೇಕಿಯದು. ವಾಸ್ತವ ಬೇರೆ. ದಂಡಿನಶಿವರ, ಹಂದನಕೆರೆ ಅಥವಾ ಹೊನ್ನವಳ್ಳಿ ಹೋಬಳಿಯ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ತಿಪಟೂರಿನಲ್ಲಿ ಹರಾಜು ನಡೆಯುವ ದಿನ. ಐದಾರು ಮಂದಿ ರೈತರು, ತಲಾ ಏಳೆಂಟು ಮೂಟೆ ಕೊಬ್ಬರಿ. ಒಬ್ಬೊಬ್ಬರೂ ಒಂದು ಗಾಡಿ ಮಾಡುವುದು ಗಿಟ್ಟದು. ಎಲ್ಲರೂ ಸೇರಿ ಒಂದು ಸರಕು ಗಾಡಿ ಹಿಡಿಯುತ್ತಾರೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಇಂಥ ಪುಟ್ಟ ಗಾಡಿಗಳು ಹಳ್ಳಿಹಳ್ಳಿಗೂ ತಲುಪಿವೆ. ಚಾಲಕನ ಪಕ್ಕ ಒಬ್ಬನಿಗೆ ಜಾಗ, ಉಳಿದವರು ಮೂಟೆಗಳ ಮೇಲೆ.

ಮೂಟೆ ಗಾಡಿಯಲ್ಲಿ ಬರಲಿ, ಇವರು ಬಸ್ಸಿನಲ್ಲಿ ಬರಬಾರದೇ ಎಂದು ಕೇಳಬಹುದು. ಕೇಳುವವರು ಮಾರುಕಟ್ಟೆಯನ್ನು ಕಂಡವರಲ್ಲ. 2025ರಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ಬೆಲೆ ಕ್ವಿಂಟಲಿಗೆ 25,000 ರೂಪಾಯಿ ದಾಟಿತು. ಆ ಸಾಲಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ್ದ ಬೆಂಬಲ ಬೆಲೆ 12,100 ರೂಪಾಯಿ. ಅದಕ್ಕೆ ಎರಡೇ ವರ್ಷ ಹಿಂದೆ ಇದೇ ರೈತರು ಬೆಂಬಲ ಬೆಲೆಯಾದರೂ ಸಿಗಲೆಂದು ಬೀದಿಗಿಳಿದಿದ್ದರು. ಇಂಥ ಏರಿಳಿತದ ಸರಕು ವರ್ಷದ ಸಂಪಾದನೆಯೆಲ್ಲವನ್ನೂ ಹೊತ್ತು ಒಂದೇ ಗಾಡಿಯಲ್ಲಿ ಹೊರಟಿರುವಾಗ, ತೂಕದ ಹೊತ್ತಿಗೆ, ಮಾದರಿ ತೆಗೆಯುವ ಹೊತ್ತಿಗೆ, ಮೂಟೆ ಅದಲು ಬದಲಾಗದಂತೆ ಕಣ್ಣಿಡುವ ಹೊತ್ತಿಗೆ ಮಾಲೀಕ ಜೊತೆಯಲ್ಲಿರಲೇಬೇಕು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಮೂಟೆಯ ಮೇಲೆ ಕೂರುವುದು ಅವನು ತನ್ನ ಆಸ್ತಿಗೆ ತಾನೇ ಕಟ್ಟುವ ವಿಮಾ ಕಂತು. ಬೆಲೆ ಏರಿದಷ್ಟೂ ಅವನು ಆ ಜಾಗ ಬಿಟ್ಟು ಕದಲಲಾರ.

ಆ ಗಾಡಿ ಮಗುಚಿದರೆ ಮುಂದೇನು? ಇಲ್ಲಿಂದಾಚೆಗಿನ ಕಥೆ ನ್ಯಾಯಾಲಯಗಳದು. ಸ್ವಲ್ಪ ತಾಳ್ಮೆಯಿಂದ ಓದಬೇಕು.

1939ರ ಹಳೆಯ ಮೋಟಾರು ವಾಹನ ಕಾಯ್ದೆಯ ಅಡಿ ಸರಕು ವಾಹನದಲ್ಲಿ ಹಣ ಕೊಟ್ಟು ಪ್ರಯಾಣಿಸಿದವರು ಸತ್ತರೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 1998ರಲ್ಲಿ, ಅದೂ ಕರ್ನಾಟಕದ್ದೇ ಪ್ರಕರಣಗಳಲ್ಲಿ. ಅಷ್ಟರಲ್ಲಿ 1988ರ ಹೊಸ ಕಾಯ್ದೆ ಬಂದಾಗಿತ್ತು. ಅದರ 147ನೇ ಕಲಮಿನಲ್ಲಿ ವಿಮೆ ‘ಯಾವುದೇ ವ್ಯಕ್ತಿ’ಯ ಸಾವಿಗೂ ಅನ್ವಯಿಸುತ್ತದೆ ಎಂಬ ವಿಶಾಲ ಮಾತಿತ್ತು. ಆದ್ದರಿಂದ 1999ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ, ಹೊಸ ಕಾಯ್ದೆಯ ಅಡಿ ಸರಕು ವಾಹನದಲ್ಲಿ ಬಿಟ್ಟಿಯಾಗಿ ಬಂದವನಿಗೂ ವಿಮೆಯ ರಕ್ಷಣೆಯಿದೆ ಎಂದಿತು. ಮೂರು ವರ್ಷ ನ್ಯಾಯಮಂಡಳಿಗಳು ಅದನ್ನು ಅನುಸರಿಸಿದವು. 2002ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ‘ಸರಕು ಸಾಗಣೆಗೆ ಮಾತ್ರ’ ಎಂದು ಕಾಯ್ದೆಯೇ ವ್ಯಾಖ್ಯಾನಿಸಿದ ವಾಹನದಲ್ಲಿ ಪ್ರಯಾಣಿಕ ಎಂಬುವನೇ ಇರಲಾರ, ಇಲ್ಲದವನಿಗೆ ವಿಮೆ ಎಲ್ಲಿಯದು ಎಂಬುದು ತರ್ಕ. 1994ರ ನವೆಂಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಮಾತ್ರ ರಕ್ಷಣೆ ಉಳಿಯಿತು.

ಸರಿ, ನಮ್ಮ ರೈತ ಸರಕಿನ ಮಾಲೀಕನೇ ತಾನೆ ಎಂದು ಸಮಾಧಾನಪಡುವಷ್ಟರಲ್ಲಿ 2007ರ ತೀರ್ಪು ಬಂತು. ಸರಕಿನ ಮಾಲೀಕ ಎಂದರೆ ಕ್ಯಾಬಿನ್ನಿನಲ್ಲಿ ಕುಳಿತು ಪ್ರಯಾಣಿಸುವವನು ಮಾತ್ರ ಎಂದು ಅದು ಹೇಳಿತು. ಅಂದರೆ ಆರು ಮಂದಿ ಮಾಲೀಕರ ಪೈಕಿ ಚಾಲಕನ ಪಕ್ಕ ಕುಳಿತವನಿಗೆ ವಿಮೆಯುಂಟು, ಮೂಟೆಗಳ ಮೇಲಿದ್ದ ಐವರಿಗಿಲ್ಲ. ಕ್ಯಾಬಿನ್ನಿನಲ್ಲಿ ಕುಳಿತವನು ಬದುಕಿ ಹಿಂದಿನವರು ಸಾಯುವುದೇ ಇಂಥ ಅಪಘಾತಗಳ ಸಾಮಾನ್ಯ ರೀತಿ ಎಂಬುದನ್ನು ಬೇರೆ ಹೇಳಬೇಕಿಲ್ಲ. ಯಲ್ಲಾಪುರದ ಪ್ರಕರಣದ ಬಗ್ಗೆ ನಾನಿಲ್ಲಿ ತೀರ್ಪು ಕೊಡುತ್ತಿಲ್ಲ, ಅದು ನ್ಯಾಯಮಂಡಳಿಯ ಕೆಲಸ. ನಿಯಮ ಎಲ್ಲಿ ಗೆರೆ ಎಳೆದಿದೆ ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ. ಅದೇ ಗಾಡಿಯಲ್ಲಿರುವ ಕೊಬ್ಬರಿಗೆ ಸಾಗಣೆ ವಿಮೆ ಸುಲಭವಾಗಿ ದೊರೆಯುತ್ತದೆ. ನೆಲದ ಮೇಲೆ ಸಾಗುವ ಸರಕಿನ ವಿಮೆಯನ್ನೂ ವಿಮಾ ಕಂಪನಿಗಳು ಇಂದಿಗೂ ‘ಸಾಗರ ವಿಮೆ’ಯ ಕಡತದಲ್ಲೇ ಇಡುತ್ತವೆ ಎಂಬುದು ಬೇರೆಯೇ ತಮಾಷೆ.

ನ್ಯಾಯಾಲಯವನ್ನು ದೂಷಿಸುವುದು ಸುಲಭ, ಆದರೆ ಸರಿಯಲ್ಲ. ಕಾಯ್ದೆಯ ಪದಗಳಿಗೆ ಅದು ಕೊಟ್ಟ ಅರ್ಥ ಅಸಂಗತವೇನಲ್ಲ. ಪರಿಣಾಮದ ಕ್ರೌರ್ಯ ಅದರ ಅರಿವಿಗೂ ಬಂದಿರುವಂತಿದೆ. 2004ರಲ್ಲಿ, ಮತ್ತೆ 2019ರಲ್ಲಿ, ಇಂಥ ಪ್ರಕರಣಗಳಲ್ಲಿ ವಿಮಾ ಕಂಪನಿ ಮೊದಲು ಪರಿಹಾರ ಪಾವತಿಸಿ, ಆಮೇಲೆ ವಾಹನ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸಿತು. ಆದರೆ ಇದು ಪೀಠದ ವಿವೇಚನೆಗೆ ಸೇರಿದ್ದು. ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿಯುಳ್ಳವನಿಗೆ ದಕ್ಕೀತು. ಉಳಿದವರು ಒಂದೇ ಗಾಡಿಯ ಮಾಲೀಕನ ವಿರುದ್ಧ ಡಿಕ್ರಿ ಹಿಡಿದು ಓಡಾಡಬೇಕು. ಆ ಮಾಲೀಕನೋ ಗಾಡಿಯನ್ನು ಸಾಲದಲ್ಲಿ ಕೊಂಡ ಪಕ್ಕದೂರಿನ ಹುಡುಗ, ಅಪಘಾತದಲ್ಲಿ ಅದನ್ನೂ ಕಳೆದುಕೊಂಡವನು. ಸೇವೆಯಲ್ಲಿದ್ದಾಗ ಇಂಥ ಡಿಕ್ರಿಗಳು ವಸೂಲಿಗೆಂದು ಕಂದಾಯ ಇಲಾಖೆಯ ಮೇಜಿಗೆ ಬಂದದ್ದನ್ನು ಕಂಡಿದ್ದೇನೆ. ಜಪ್ತಿ ಮಾಡಲು ಹೋದರೆ ಮನೆಯಲ್ಲಿ ಸಿಗುತ್ತಿದ್ದುದು ಎರಡು ಹಸು, ನಾಲ್ಕು ಪಾತ್ರೆ. ಒಂದು ಬಡ ಕುಟುಂಬದ ನಷ್ಟವನ್ನು ಇನ್ನೊಂದು ಬಡ ಕುಟುಂಬದಿಂದ ತುಂಬಿಸುವ ಈ ವ್ಯವಸ್ಥೆಗೆ ನ್ಯಾಯ ಎಂಬ ಹೆಸರಿದೆ.

ಪ್ರಯಾಣಿಕ ವಾಹನ ಹತ್ತಿದವರ ಪಾಡೂ ಪೂರ್ತಿ ಹಸನಲ್ಲ. 2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನಲ್ಲಿ ಲಾರಿ ಮತ್ತು ಕ್ರೂಸರ್ ನಡುವಿನ ಅಪಘಾತದಲ್ಲಿ ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿ ಅರಸಿ ಹೊರಟಿದ್ದ 9 ಮಂದಿ ಸತ್ತರು. ಕ್ರೂಸರ್ ಅದರ ಮಿತಿಯನ್ನು ಮೀರಿ ತುಂಬಿತ್ತು. ಮಿತಿ ಮೀರಿ ತುಂಬಿದ ವಾಹನದ ವಿಮೆ, ಪರವಾನಗಿಯಲ್ಲಿರುವ ಸೀಟುಗಳ ಸಂಖ್ಯೆಯಷ್ಟು ಮಂದಿಯ ಲೆಕ್ಕಕ್ಕೆ ಸೀಮಿತ ಎಂಬುದೂ 2007ರದೇ ಇನ್ನೊಂದು ತೀರ್ಪು. ಬಂದ ಮೊತ್ತವನ್ನು ಎಲ್ಲರೂ ಹಂಚಿಕೊಳ್ಳಬೇಕು.

ಆಗ ಉಳಿಯುವುದು ಸರ್ಕಾರದ ಅನುಗ್ರಹ ಧನ. ಇದರ ಒಂದು ಲಕ್ಷಣವನ್ನು ಗಮನಿಸಬೇಕು. ಒಟ್ಟಿಗೆ 10 ಮಂದಿ ಸತ್ತರೆ ದೆಹಲಿಯಿಂದಲೂ ಬೆಂಗಳೂರಿನಿಂದಲೂ ಪರಿಹಾರ ಘೋಷಣೆಯಾಗುತ್ತದೆ. ಮಾಯಸಂದ್ರದ ಬಳಿ ಎಳನೀರು ಗಾಡಿಯಿಂದ ಒಬ್ಬನೇ ಬಿದ್ದು ಸತ್ತರೆ ಯಾರೂ ಘೋಷಿಸುವುದಿಲ್ಲ. ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾದರೆ ಹೆಚ್ಚು. ಅನುಗ್ರಹ ಧನ ಸಿಗಲು ಸಾಯುವವನಿಗೆ ಸಾಕಷ್ಟು ಜೊತೆಗಾರರಿರಬೇಕು ಎಂದಂತಾಯಿತು. ಹಕ್ಕಿಗೂ ದಯೆಗೂ ಇರುವ ಅಂತರ ಇದೇ.

ಮರುಭೂಮಿಯ ಗಡಿನಾಡುಗಳಲ್ಲಿ ಈ ಸಮಸ್ಯೆ ಇನ್ನೂ ಬೆತ್ತಲೆಯಾಗಿ ಕಾಣುತ್ತದೆ. ಕೆನ್ಯಾದ ಉತ್ತರಕ್ಕೆ ಇಸಿಯೋಲೋದಿಂದ ಇಥಿಯೋಪಿಯಾ ಗಡಿಯ ಮೊಯಾಲೆಯವರೆಗಿನ ಸುಮಾರು 500 ಕಿ.ಮೀ. ಬೆಂಗಾಡಿನಲ್ಲಿ ದಶಕಗಳ ಕಾಲ ಲಾರಿಯೇ ಜನರ ವಾಹನವಾಗಿತ್ತು. ದನ ತುಂಬಿದ ಲಾರಿಯ ಮೇಲಿನ ಕಂಬಿಗಳಲ್ಲಿ ಜನ ತೂಗಾಡಿಕೊಂಡು ಬರುತ್ತಿದ್ದರು. 2002ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಕಥನದಲ್ಲಿ ಪಾಲ್ ಥೆರೋ ಈ ಹಾದಿಯ ಲಾರಿ ಪಯಣವನ್ನೂ ದರೋಡೆಕೋರರ ಗುಂಡಿನ ಸದ್ದನ್ನೂ ದಾಖಲಿಸಿದ್ದಾರೆ. ಕಳೆದ ದಶಕದಲ್ಲಿ ಆ ರಸ್ತೆಗೆ ಡಾಂಬರು ಬಿತ್ತು, ಬಸ್ಸುಗಳು ಬಂದವು. ಯಾವ ಪೊಲೀಸ್ ಕಾರ್ಯಾಚರಣೆಯೂ ಮಾಡದ ಕೆಲಸವನ್ನು ರಸ್ತೆ ಮಾಡಿತು.

ಇದಕ್ಕೆ ವ್ಯತಿರಿಕ್ತ ಉದಾಹರಣೆ ನೈಜರ್ ದೇಶದ್ದು. 2013ರ ಅಕ್ಟೋಬರ್‌ನಲ್ಲಿ ಅಲ್ಜೀರಿಯಾ ಗಡಿಯತ್ತ ಹೊರಟ ಲಾರಿಗಳು ಕೆಟ್ಟು ನಿಂತು, ಮರಳುಗಾಡಿನಲ್ಲಿ ನೀರಿಲ್ಲದೆ ಸತ್ತ 92 ಮಂದಿಯ ಶವಗಳು ಅಲ್ಲಿ ದೊರೆತವು. ಬಹುಪಾಲು ಹೆಂಗಸರು, ಮಕ್ಕಳು. 2015ರಲ್ಲಿ ಆ ದೇಶ ವಲಸಿಗರ ಸಾಗಣೆಯನ್ನೇ ಅಪರಾಧವೆಂದು ಸಾರುವ ಕಾಯ್ದೆ ತಂದಿತು. ಪಯಣ ನಿಲ್ಲಲಿಲ್ಲ. ಬಾವಿಗಳಿರುವ, ಗಸ್ತಿರುವ ಹಳೆಯ ಹಾದಿಯನ್ನು ಬಿಟ್ಟು ಚಾಲಕರು ಯಾರೂ ಸುಳಿಯದ ದಾರಿ ಹಿಡಿದರು. 2023ರ ನವೆಂಬರ್‌ನಲ್ಲಿ ಅಲ್ಲಿನ ಸೇನಾಡಳಿತ ಆ ಕಾಯ್ದೆಯನ್ನು ರದ್ದುಗೊಳಿಸಿದ್ದಕ್ಕೆ ರಾಜಕೀಯ ಕಾರಣಗಳಿದ್ದವು ನಿಜ. ಆದರೆ ಅಗತ್ಯವನ್ನು ಹಾಗೆಯೇ ಉಳಿಸಿ ಸಾಧನವನ್ನು ಮಾತ್ರ ನಿಷೇಧಿಸಿದರೆ ಅಪಾಯ ಹೆಚ್ಚುತ್ತದೆ ಎಂಬ ಸಂಗತಿ ಅದರಿಂದ ಬದಲಾಗದು. ನಮ್ಮಲ್ಲೂ ಹೆದ್ದಾರಿಯಲ್ಲಿ ತಪಾಸಣೆ ಬಿಗಿಯಾದ ವಾರ ಸರಕು ಗಾಡಿಗಳು ಹೊತ್ತು ಮೂಡುವ ಮುನ್ನ ಒಳದಾರಿ ಹಿಡಿಯುತ್ತವೆ. ಕೆರೆ ಏರಿಯ ಮೇಲಿನ ಕಿರಿದಾದ ರಸ್ತೆ, ತಡೆಗೋಡೆ ಇಲ್ಲದ ತಿರುವು, ಅರೆನಿದ್ದೆಯ ಚಾಲಕ.

ಪ್ರಸಂಗವಶಾತ್ ಇನ್ನೊಂದು ಮಾತು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಸಿಡಿದಾಗ ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಲುಕಿದರು. ‘ಆಪರೇಷನ್ ಕಾವೇರಿ’ಯಡಿ ಭಾರತ ಸರ್ಕಾರ ಬಸ್ಸುಗಳನ್ನು ಹೊಂದಿಸಿ ಮರಳುಗಾಡಿನ ಹಾದಿಯಲ್ಲಿ ಪೋರ್ಟ್ ಸುಡಾನ್‌ವರೆಗೆ ತನ್ನ ಪ್ರಜೆಗಳನ್ನು ಕರೆತಂದಿತು. ಮನಸ್ಸು ಮಾಡಿದರೆ ಸರ್ಕಾರಕ್ಕೆ ಎಲ್ಲಿಯಾದರೂ ಬಸ್ಸು ಸಿಗುತ್ತದೆ.

ಈಗ ಪರಿಹಾರದ ಮಾತು. ವಿಮಾ ಕಂಪನಿಗಳ ಆಕ್ಷೇಪವನ್ನು ಮೊದಲು ಎದುರಿಸಬೇಕು. ಲಾರಿಯ ಮೇಲೆ ಕುಳಿತವರೆಲ್ಲರಿಗೂ ವಿಮೆ ಎಂದುಬಿಟ್ಟರೆ ಚಾಲಕರು ಇನ್ನಷ್ಟು ಜನರನ್ನು ತುಂಬುತ್ತಾರೆ, ನಷ್ಟವನ್ನು ಪ್ರಾಮಾಣಿಕ ವಾಹನ ಮಾಲೀಕರೆಲ್ಲ ಹೆಚ್ಚಿನ ಕಂತಿನ ರೂಪದಲ್ಲಿ ಹೊರಬೇಕಾಗುತ್ತದೆ ಎಂಬುದು ಅವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಮಿತಿಯಿಲ್ಲದ ರಕ್ಷಣೆ ಬೇಜವಾಬ್ದಾರಿಗೆ ಎಡೆಕೊಡುತ್ತದೆ. ಆದರೆ ತಾನು ಸತ್ತರೆ ಹೆಂಡತಿಗೆ ಹಣ ಬರುತ್ತದೆಂದು ಲಾರಿ ಹತ್ತುವ ಮನುಷ್ಯನನ್ನು ನಾನು ಕಂಡಿಲ್ಲ. ಶಿಕ್ಷೆ ಆಗಬೇಕಾದದ್ದು ತುಂಬಿದವನಿಗೆ. ಈಗ ಆಗುತ್ತಿರುವುದು ಸತ್ತವನ ಮಕ್ಕಳಿಗೆ.

ಮಧ್ಯದ ದಾರಿ ಇದೆ. ಸರಕಿನ ಮಾಲೀಕ, ಬಾಡಿಗೆದಾರ, ಅವರ ನೌಕರರು ಸೀಮಿತ ಸಂಖ್ಯೆಯಲ್ಲಿ, ಹಣ ಕೊಡದೆ, ಸರಕು ವಾಹನದಲ್ಲಿ ಸಾಗಲು ರಾಜ್ಯದ ಮೋಟಾರು ವಾಹನ ನಿಯಮಾವಳಿಯಲ್ಲೇ ಅವಕಾಶವಿದೆ. ನಿಯಮ ಹೀಗೆ ಒಪ್ಪುವವರನ್ನು ವಿಮೆ ಕ್ಯಾಬಿನ್ನಿನ ಬಾಗಿಲಲ್ಲಿ ತಡೆಯುವುದೇ ವಿಸಂಗತಿ. 147ನೇ ಕಲಮಿಗೆ ಒಂದು ವಿವರಣೆ ಸೇರಿಸಿ, ನಿಯಮ ಅನುಮತಿಸುವಷ್ಟು ಮಂದಿ ಸರಕು ಮಾಲೀಕರಿಗೆ, ಅವರು ವಾಹನದ ಯಾವ ಭಾಗದಲ್ಲೇ ಇರಲಿ, ರಕ್ಷಣೆ ಕೊಡಬಹುದು. ಮೂರನೇ ವ್ಯಕ್ತಿ ವಿಮೆಯ ಕಂತನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರವೇ ಆದ್ದರಿಂದ ತಲೆಗಿಷ್ಟು ಎಂದು ಸೇರಿಸುವುದು ಅಸಾಧ್ಯವಲ್ಲ. 2019ರಲ್ಲಿ ಕಾಯ್ದೆಗೆ ಅಷ್ಟೊಂದು ತಿದ್ದುಪಡಿ ತಂದ ಸಂಸತ್ತು ಈ ಕಲಮನ್ನೂ ಮತ್ತೆ ಬರೆಯಿತು. ಆದರೆ ಕ್ಯಾಬಿನ್ನಿನ ಸಮಸ್ಯೆಯನ್ನು ಮುಟ್ಟಲಿಲ್ಲ.

ಅದೇ ತಿದ್ದುಪಡಿಯಲ್ಲಿ 164-ಬಿ ಎಂಬ ಇನ್ನೊಂದು ಕಲಮು ಸೇರಿತು. ಮೋಟಾರು ವಾಹನ ಅಪಘಾತ ನಿಧಿಯೊಂದನ್ನು ಸ್ಥಾಪಿಸಿ ದೇಶದ ‘ರಸ್ತೆ ಬಳಸುವ ಎಲ್ಲರಿಗೂ’ ಕಡ್ಡಾಯ ವಿಮಾ ರಕ್ಷಣೆ ಒದಗಿಸಬೇಕೆಂದು ಅದು ಹೇಳುತ್ತದೆ. ಗುದ್ದಿ ಓಡಿಹೋದ ವಾಹನದಿಂದ ಸತ್ತವರ ಕುಟುಂಬಕ್ಕೆ 2022ರ ಏಪ್ರಿಲ್‌ನಿಂದ 2 ಲಕ್ಷ ರೂಪಾಯಿ ಸಿಗುತ್ತಿದೆ. 2025ರ ಮೇ 5ರಿಂದ ಅಪಘಾತದ ಗಾಯಾಳು ಯಾರೇ ಆಗಿರಲಿ, ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ. ಆಸ್ಪತ್ರೆಯಲ್ಲಿ ಗಾಯಾಳುವನ್ನು ನೀನು ಕ್ಯಾಬಿನ್ನಿನಲ್ಲಿದ್ದೆಯೋ ಮೂಟೆಯ ಮೇಲಿದ್ದೆಯೋ ಎಂದು ಕೇಳುವುದಿಲ್ಲ. ಅವನು ಬದುಕಿರುವಷ್ಟು ಕಾಲ ಅವನು ರಸ್ತೆ ಬಳಸುವವನು. ಸತ್ತ ಮರುದಿನ ಅಕ್ರಮ ಪ್ರಯಾಣಿಕ. ಚಿಕಿತ್ಸೆಗೆ ಒಪ್ಪಿದ ತತ್ತ್ವವನ್ನು ಸಾವಿಗೂ ವಿಸ್ತರಿಸಿ, ಸರಕು ವಾಹನದಲ್ಲಿ ಸತ್ತವರ ಕುಟುಂಬಕ್ಕೆ ಈ ನಿಧಿಯಿಂದ ಒಂದು ನಿಶ್ಚಿತ ಮೊತ್ತ ಕೊಟ್ಟು, ವಾಹನ ಮಾಲೀಕನಿಂದ ವಸೂಲು ಮಾಡುವ ತಲೆನೋವನ್ನು ನಿಧಿಯೇ ಹೊತ್ತುಕೊಳ್ಳಲು ಹೊಸ ಕಾಯ್ದೆಯೇನೂ ಬೇಕಿಲ್ಲ.

ರಾಜ್ಯದ ಕೈಯಲ್ಲಿರುವುದು ಬೇರೆ ಕೆಲಸ. ಕೆಎಸ್‌ಆರ್‌ಟಿಸಿ 2023ರ ಡಿಸೆಂಬರ್‌ನಲ್ಲಿ ‘ನಮ್ಮ ಕಾರ್ಗೋ’ ಹೆಸರಿನಲ್ಲಿ ಸ್ವಂತ ಲಾರಿಗಳನ್ನು ರಸ್ತೆಗಿಳಿಸಿತು. ಜನರನ್ನು ಒಯ್ಯುವ ಅನುಭವವೂ ಸರಕು ಒಯ್ಯುವ ಅನುಮತಿಯೂ ಒಂದೇ ಸಂಸ್ಥೆಯಲ್ಲಿ ಕೂಡಿರುವಾಗ, ಮುಂದೆ ಹತ್ತು ಸೀಟು, ಹಿಂದೆ ಸರಕಿನ ಕಟ್ಟೆ ಇರುವ ಗಾಡಿಯನ್ನು ಹರಾಜಿನ ದಿನಗಳಲ್ಲಿ ತಿಪಟೂರಿನ ಪ್ರಾಂಗಣಕ್ಕೆ ಮೂರೂ ತಾಲ್ಲೂಕುಗಳ ಹೋಬಳಿ ಕೇಂದ್ರಗಳಿಂದ ಓಡಿಸಿ ನೋಡಬಹುದು. ಲಾಭವಾಗುತ್ತದೆಯೇ ಎಂದು ಹಣಕಾಸು ಇಲಾಖೆ ಕೇಳುತ್ತದೆ. ಕೇಳಲಿ, ಕೇಳುವುದು ಅದರ ಕೆಲಸ. ರೈತನ ಪ್ರತಿ ಮೂಟೆಯ ವಹಿವಾಟಿನ ಮೇಲೂ ಎಪಿಎಂಸಿಗೆ ಮಾರುಕಟ್ಟೆ ಶುಲ್ಕ ಬರುತ್ತದೆ. ಈ ಗಾಡಿಗಳ ನಷ್ಟವನ್ನು ಅದರಿಂದ ಭರಿಸುವ ಪ್ರಸ್ತಾವವೊಂದು ತಿಪಟೂರಿನ ಮಾರುಕಟ್ಟೆ ಸಮಿತಿಯಿಂದಲೇ ಹೊರಟರೆ, ಬೆಂಗಳೂರಿನ ಕಚೇರಿಗಳಲ್ಲಿ ಅದನ್ನು ಪಕ್ಕಕ್ಕಿಡುವುದು ಸ್ವಲ್ಪ ಕಷ್ಟವಾದೀತು.